ಹೋದ ವರ್ಷದ ಇದೇ ದಿನ ಯಾವುದು?

ಬೆಂಗಳೂರಿನಲ್ಲಿ ಹಲವು ಮಳಿಗೆಗಳಿರುವ ಸೀರೆ ವ್ಯಾಪಾರದ ಸಂಸ್ಥೆಯೊಂದರಲ್ಲಿ ಮಾರಾಟದ ಲೆಕ್ಕವನ್ನು ಪವರ್ ಬಿಐ ಎಂಬ ಸಾಫ್ಟ್‌ವೇರಿನ ಡ್ಯಾಶ್‌ಬೋರ್ಡಿಗೆ ತರುವುದು ನನ್ನ ಕೆಲಸ. 2024ರ ಆಗಸ್ಟ್ 19ರಿಂದ 25ರವರೆಗಿನ ಮಾರಾಟವನ್ನು ಹೋದ ವರ್ಷದ ಅದೇ ತಾರೀಕುಗಳೊಡನೆ ಹೋಲಿಸುವ ಪುಟದಲ್ಲಿ ಎಲ್ಲ ಮಳಿಗೆಗಳೂ ಕೆಂಪು ಬಣ್ಣದಲ್ಲಿದ್ದವು. ಹಿಂದಿನ ವಾರ ಅವೇ ಮಳಿಗೆಗಳು ಹಸಿರಾಗಿದ್ದವು. ಸೂತ್ರದಲ್ಲೇ ತಪ್ಪಿರಬೇಕೆಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಹುಡುಕಿದೆ. ಕೊನೆಗೆ ಗಾಂಧಿ ಬಜಾರ್ ಮಳಿಗೆಯ ಹಿರಿಯ ಮ್ಯಾನೇಜರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟೇ: “ಹೋದ ವರ್ಷ 25ಕ್ಕೆ ವರಮಹಾಲಕ್ಷ್ಮಿ ಹಬ್ಬ ಇತ್ತು ಮೇಡಂ. ಈ ಸಲ 16ಕ್ಕೇ ಮುಗೀತಲ್ಲ.”

ಆ ಪುಟದ ಸೂತ್ರದಲ್ಲಿದ್ದ ಸೇಮ್‌ಪೀರಿಯಡ್‌ಲಾಸ್ಟ್‌ಇಯರ್ ಎಂಬ ಪವರ್ ಬಿಐ ಫಂಕ್ಷನ್ ತಾರೀಕನ್ನು ಒಂದು ವರ್ಷ ಹಿಂದಕ್ಕೆ ಸರಿಸುತ್ತದೆ, ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಆದರೆ ವರಮಹಾಲಕ್ಷ್ಮಿ ವ್ರತ ಬರುವುದು ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ. 2023ರಲ್ಲಿ ಅಧಿಕ ಶ್ರಾವಣವು ಆಗಸ್ಟ್ 16ರವರೆಗೆ ಇದ್ದುದರಿಂದ ಹಬ್ಬ ತಡವಾಗಿ ಬಂದಿತ್ತು.

ವಾರವಾದರೂ ಹೊಂದಲಿ ಎಂದು 364 ದಿನ, ಅಂದರೆ ಸರಿಯಾಗಿ 52 ವಾರ ಹಿಂದಕ್ಕೆ ಹೋಗುವ ಕ್ರಮವನ್ನು ಮೊದಲು ಹಿಡಿದೆ. ಭಾನುವಾರ ಭಾನುವಾರದ ಎದುರಿಗೆ ಬಂತು, ಸಾಮಾನ್ಯ ವಾರಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ 2024ರ ಹಬ್ಬದ ಶುಕ್ರವಾರ 2023ರ ಆಗಸ್ಟ್ 18ರ ಬರಿಯ ಶುಕ್ರವಾರದ ಎದುರಿಗೆ ನಿಂತಿತು. ಎರಡು ಹಬ್ಬಗಳ ನಡುವಿನ ಅಂತರ 357 ದಿನ, ಅಂದರೆ 51 ವಾರ. ಹಾಗಾಗಿ ಕ್ಯಾಲೆಂಡರ್ ಕೋಷ್ಟಕದಲ್ಲಿ ‘ಹೋಲಿಕೆಯ ದಿನ’ ಎಂಬ ಕಾಲಮ್ ಸೇರಿಸಿ, ಉಳಿದ ದಿನಗಳಿಗೆ 364ನ್ನೂ ಹಬ್ಬವೂ ಸೇರಿದಂತೆ ಅದರ ಮುಂಚಿನ ಹತ್ತು ದಿನಗಳಿಗೆ 357ನ್ನೂ ಕಳೆದೆ. ಹತ್ತು ದಿನ ಏಕೆಂದರೆ, ಸೀರೆ ಕೊಳ್ಳುವವರು ಹಬ್ಬದ ದಿನ ಬರುವುದಿಲ್ಲ, ಅದಕ್ಕೆ ಮೊದಲೇ ಬಂದು ಬ್ಲೌಸ್ ಹೊಲಿಯಲು ಕೊಟ್ಟಿರುತ್ತಾರೆ. ಮೊತ್ತವನ್ನು ಲೆಕ್ಕ ಹಾಕುವ ಸೂತ್ರದಲ್ಲಿ (ಮೆಷರ್) ಕ್ಯಾಲೆಂಡರಿನ ಫಿಲ್ಟರ್ ತೆಗೆದು, ಈ ಕಾಲಮಿನ ತಾರೀಕುಗಳನ್ನು ಟ್ರೀಟ್‌ಆಸ್ ಎಂಬ ಫಂಕ್ಷನ್ ಮೂಲಕ ಹೊಸ ಫಿಲ್ಟರ್ ಆಗಿ ಕೊಟ್ಟೆ.

ಆಗ ದಿನದ ಸಾಲುಗಳನ್ನು ಕೂಡಿದರೆ ಒಂದು ಮೊತ್ತ, ತಿಂಗಳ ಮೊತ್ತ ಇನ್ನೊಂದು. ನನಗೆ ಹೆಚ್ಚು ಸಮಯ ಹಿಡಿದದ್ದು ಇಲ್ಲಿಯೇ. 2024ರ ಆಗಸ್ಟ್ 7ರಿಂದ 16ರವರೆಗಿನ ದಿನಗಳು 2023ರ ಆಗಸ್ಟ್ 16ರಿಂದ 25ನ್ನು ತೆಗೆದುಕೊಂಡಿದ್ದವು. ಹಬ್ಬ ಕಳೆದ ಮೇಲಿನ 17ರಿಂದ 23 ಹಳೆಯ ನಿಯಮದಂತೆ ಮತ್ತೆ 2023ರ 19ರಿಂದ 25ನ್ನೇ ಕೇಳುತ್ತಿದ್ದವು. ದಿನದ ಸಾಲುಗಳಲ್ಲಿ ಹಬ್ಬದ ವಾರ ಎರಡು ಸಲ ಬಂದಿತ್ತು, ತಿಂಗಳ ಮೊತ್ತದಲ್ಲಿ ಫಿಲ್ಟರ್ ಅದನ್ನು ಒಂದೇ ಸಲ ಎಣಿಸುತ್ತಿತ್ತು, 2023ರ ಆಗಸ್ಟ್ 9ರಿಂದ 15 ಯಾರಿಗೂ ಸಿಗದೆ ಉಳಿದಿತ್ತು. ಉಳಿದವು ಏಳು ದಿನ, ಎರಡು ಸಲ ಬಂದವೂ ಏಳು ದಿನ. ಆದ್ದರಿಂದ 17ರಿಂದ 23ಕ್ಕೆ ಆ ಉಳಿದ ವಾರವನ್ನೇ ಶನಿವಾರಕ್ಕೆ ಶನಿವಾರ, ಭಾನುವಾರಕ್ಕೆ ಭಾನುವಾರ ಎಂದು ಜೋಡಿಸಿದೆ. ಹಬ್ಬ ಮುಗಿದ ವಾರದ ಮಂದ ವ್ಯಾಪಾರವನ್ನು ಅಧಿಕ ಮಾಸದ ಮಂದ ವ್ಯಾಪಾರದೊಡನೆ ಇಡುವುದು ನನ್ನ ದೃಷ್ಟಿಯಲ್ಲಿ ನ್ಯಾಯವೇ, ಆ ವಾರದಲ್ಲಿ ಆಗಸ್ಟ್ 15ರ ರಜೆ ಇದೆ ಎಂಬುದೊಂದು ಕೊರತೆ ಬಿಟ್ಟರೆ. ಪ್ರತಿ ಹಳೆಯ ದಿನವೂ ಒಂದೇ ಸಲ ಬಳಕೆಯಾಗಿದೆಯೇ ಎಂದು ನೋಡುವ ಪರೀಕ್ಷೆಯನ್ನು ಅಂದಿನಿಂದ ಕೋಷ್ಟಕದ ಜೊತೆಗೇ ಇಟ್ಟಿದ್ದೇನೆ.

ಜುಲೈ ತಿಂಗಳಿಗೆ ಇಂಥ ಜೋಡಣೆ ನನ್ನಿಂದಾಗಲಿಲ್ಲ. 2024ರ ಜುಲೈಯ ಬಹುಪಾಲು ಆಷಾಢ, ಅಂದರೆ ರಿಯಾಯಿತಿ ಮಾರಾಟದ ಕಾಲ. 2023ರ ಜುಲೈಯಲ್ಲಿ 17ರವರೆಗೆ ಆಷಾಢ, ಆಮೇಲೆ ಅಧಿಕ ಮಾಸ. ಒತ್ತಾಯದಿಂದ ಹೊಂದಿಸುವ ಬದಲು ಗ್ರಾಫಿನ ಮೇಲೆಯೇ ಅದನ್ನು ಬರೆದೆ. ನಡೆಯುತ್ತಿರುವ ತಿಂಗಳನ್ನು ಮಾತ್ರ ಕೊನೆಯ ಬಿಲ್ಲಿನ ತಾರೀಕಿಗೆ ಕತ್ತರಿಸುತ್ತೇನೆ, ಇಲ್ಲವಾದರೆ ಹತ್ತು ದಿನದ ವ್ಯಾಪಾರ ಹಳೆಯ ಪೂರ್ತಿ ತಿಂಗಳ ಎದುರಿಗೆ ಬರುತ್ತದೆ. ಲೆಕ್ಕಪತ್ರ ವಿಭಾಗದ ಪುಟದಲ್ಲಿ ತಾರೀಕಿನ ಹೋಲಿಕೆಯೇ ಉಳಿದಿದೆ. ಅವರ ಪುಸ್ತಕದ ಆಗಸ್ಟ್ ಒಂದರಿಂದ ಮೂವತ್ತೊಂದರವರೆಗೆ, ಅದನ್ನು ನಾನು ಸರಿಸುವಂತಿಲ್ಲ.

2025ರಲ್ಲಿ ಹಬ್ಬ ಆಗಸ್ಟ್ 8ಕ್ಕೆ ಬಂತು, ಮತ್ತೆ 357 ದಿನಗಳ ಅಂತರ. ಈಗ ಪ್ರತಿ ಡಿಸೆಂಬರಿನಲ್ಲಿ ಹೊಸ ವರ್ಷದ ಪಂಚಾಂಗ ನೋಡಿ ಹಬ್ಬಗಳ ಸಾಲುಗಳನ್ನು ತುಂಬಿಸಿ, ಗಾಂಧಿ ಬಜಾರಿನ ಆ ಮ್ಯಾನೇಜರಿಗೆ ಒಮ್ಮೆ ತೋರಿಸಿದ ಮೇಲೆಯೇ ಕೋಷ್ಟಕವನ್ನು ಸೇರಿಸುತ್ತೇನೆ.