ಬೊಬ್ಬೆ ಎದ್ದ ಜಾಗವೇ ಕಾರಣ ಹೇಳುತ್ತದೆ

ಓಟ ಶುರು ಮಾಡುವವರಿಗೆ ಮೊಣಕಾಲು ನೋವಿನ ಬಗ್ಗೆ, ಉಸಿರಿನ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಕಾಲಿನ ಬೊಬ್ಬೆಯ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದೇನು ದೊಡ್ಡ ಕಾಯಿಲೆಯಲ್ಲ, ನಿಜ. ಆದರೆ ನನ್ನ ಮೊದಲ ತಿಂಗಳುಗಳಲ್ಲಿ ಓಟ ತಪ್ಪಿದ್ದೆಲ್ಲ ಬೊಬ್ಬೆಯಿಂದಲೇ. ಮೊಣಕಾಲು ಪಾಪ, ಸುಮ್ನೆ ಇತ್ತು.

ಕೇಳಿದಾಗ ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದರು. ವ್ಯಾಸಲಿನ್ ಹಚ್ಚು, ಪೌಡರ್ ಹಾಕು, ದುಬಾರಿ ಸಾಕ್ಸ್ ತಗೋ, ದೊಡ್ಡ ಸೈಜಿನ ಶೂ ತಗೋ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಹಿಮ್ಮಡಿಯ ಬೊಬ್ಬೆಗೂ ಕಿರುಬೆರಳಿನ ಬೊಬ್ಬೆಗೂ ಕಾರಣ ಬೇರೆ ಬೇರೆ. ಎಲ್ಲಕ್ಕೂ ಒಂದೇ ಮದ್ದು ಹಚ್ಚಿದರೆ ಒಂದು ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಬೊಬ್ಬೆ ಎಲ್ಲಿ ಎದ್ದಿದೆ ಎಂದು ನೋಡಿ, ಆ ಜಾಗಕ್ಕೆ ಏನಾಗುತ್ತಿದೆ ಎಂದು ಹುಡುಕಲು ಶುರು ಮಾಡಿದ ಮೇಲೆಯೇ ನನಗೆ ದಾರಿ ಸಿಕ್ಕಿದ್ದು.

ಮೊದಲು ಬೊಬ್ಬೆ ಏಳುವುದು ಹೇಗೆ ಎಂದು ತಿಳಿದುಕೊಳ್ಳಬೇಕು. ಶೂ ಉಜ್ಜಿ ಉಜ್ಜಿ ಬೊಬ್ಬೆ ಬರುತ್ತದೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಹೊರಗಿನಿಂದ ಉಜ್ಜಿದರೆ ಮೇಲಿನ ಚರ್ಮ ಕಿತ್ತು ತರಚು ಗಾಯವಾಗುತ್ತದೆ. ಬೊಬ್ಬೆಯಲ್ಲಿ ಮೇಲಿನ ಚರ್ಮ ಹಾಗೇ ಇರುತ್ತದೆ, ಹರಿಯುವುದು ಒಳಗಿನ ಪದರ. ಒಂದು ಕೈಯ ಬೆರಳನ್ನು ಇನ್ನೊಂದು ಕೈಯ ಹಿಂಭಾಗದ ಮೇಲೆ ಒತ್ತಿಡಿ. ಬೆರಳು ಜಾರದ ಹಾಗೆ ಹಿಂದೆ ಮುಂದೆ ಆಡಿಸಿ. ಬೆರಳು ಅಲ್ಲೇ ಅಂಟಿಕೊಂಡಿರುತ್ತದೆ, ಆದರೆ ಚರ್ಮ ಮೂಳೆಯ ಮೇಲೆ ಎಳೆದಾಡುತ್ತದೆ ಅಲ್ವಾ? ಶೂ ಒಳಗೆ ಪ್ರತಿ ಹೆಜ್ಜೆಗೂ ಆಗುವುದು ಇದೇ. ಬೆವರಿದ ಚರ್ಮ ಸಾಕ್ಸಿಗೆ ಅಂಟಿಕೊಂಡು ನಿಲ್ಲುತ್ತದೆ, ಒಳಗಿನ ಮೂಳೆ ಮಾತ್ರ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ. ನಡುವೆ ಸಿಕ್ಕ ಪದರ ಎಳೆದು ಎಳೆದು ಕೊನೆಗೆ ಹರಿಯುತ್ತದೆ. ಆ ಬಿರುಕಿಗೆ ಸುತ್ತಲಿನ ನೀರು ಬಂದು ತುಂಬಿಕೊಳ್ಳುತ್ತದೆ. ಅಂಗೈ, ಅಂಗಾಲಿನಲ್ಲೇ ಬೊಬ್ಬೆ ಜಾಸ್ತಿ ಏಕೆಂದರೆ ಅಲ್ಲಿ ಮೇಲ್ಪದರ ದಪ್ಪ. ತೆಳು ಚರ್ಮವಾದರೆ ಬೊಬ್ಬೆ ಏಳುವ ಮೊದಲೇ ಸುಲಿದು ಹೋಗುತ್ತದೆ.

ನಿಮಿಷಕ್ಕೆ 160 ಹೆಜ್ಜೆ ಎಂದು ಲೆಕ್ಕ ಹಾಕಿದರೂ ಅರ್ಧ ಗಂಟೆ ಓಡಿದರೆ ಒಂದೊಂದು ಕಾಲಿಗೆ 2,400 ಸಲ ಈ ಎಳೆತ ಬೀಳುತ್ತದೆ. ಹಾಗಾಗಿ ಬೊಬ್ಬೆ ತಪ್ಪಿಸಲು ಮೂರೇ ದಾರಿ. ಮೂಳೆಯ ಸರಿದಾಟ ಕಡಿಮೆ ಮಾಡಬೇಕು, ಇಲ್ಲವೇ ಅಂಟು ಕಡಿಮೆ ಮಾಡಬೇಕು, ಇಲ್ಲವೇ ಹೆಜ್ಜೆಗಳನ್ನು ನಿಧಾನವಾಗಿ ಹೆಚ್ಚಿಸಬೇಕು. ಉಳಿದದ್ದೆಲ್ಲ ಇವುಗಳ ಒಳಗೇ ಬರುತ್ತದೆ.

ನನ್ನ ಮೊದಲ ತೊಂದರೆ ಹಿಮ್ಮಡಿಯ ಹಿಂಭಾಗದಲ್ಲಿ. ಅಲ್ಲಿ ಬೊಬ್ಬೆ ಎದ್ದರೆ ಶೂ ಬಿಗಿ ಎಂದುಕೊಂಡು ಲೇಸ್ ಸಡಿಲ ಮಾಡುವವರೇ ಹೆಚ್ಚು. ಅದರಿಂದ ಇನ್ನೂ ಕೆಡುತ್ತದೆ. ಅಲ್ಲಿನ ಬೊಬ್ಬೆಗೆ ಸಾಮಾನ್ಯ ಕಾರಣ ಹಿಮ್ಮಡಿ ಶೂ ಒಳಗೆ ಮೇಲೆ ಕೆಳಗೆ ಆಡುವುದು. ಓಟದ ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ, ಒಂದು ಜೋಡಿ ಹೆಚ್ಚುವರಿ ತೂತು ಇರುತ್ತದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಲೇಸಿನ ತುದಿಯನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ, ಎರಡೂ ಬದಿಯಲ್ಲಿ ಸಣ್ಣ ಕುಣಿಕೆ ಬಿಡಬೇಕು. ಆಮೇಲೆ ಬಲಗಡೆಯ ತುದಿಯನ್ನು ಎಡಗಡೆಯ ಕುಣಿಕೆಯೊಳಗೆ, ಎಡಗಡೆಯದನ್ನು ಬಲಗಡೆಯ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಬೇಕು. ಕಟ್ಟುವ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿಕೊಳ್ಳಬೇಕು. ಇದೊಂದರಿಂದಲೇ ನನ್ನ ಹಿಮ್ಮಡಿ ಬೊಬ್ಬೆ ಹೋಯಿತು. ಹೊಸ ಶೂ ಬೇಕಾಗಲಿಲ್ಲ, ಟೇಪೂ ಬೇಕಾಗಲಿಲ್ಲ. ಪಾದದ ಮೇಲ್ಭಾಗ ಮರಗಟ್ಟಿದರೆ ಮಾತ್ರ ಬಿಗಿ ಜಾಸ್ತಿ ಆಯಿತು ಎಂದರ್ಥ.

ಬೆರಳ ತುದಿಯಲ್ಲಿ, ಉಗುರಿನ ಕೆಳಗೆ ಬೊಬ್ಬೆ ಎದ್ದರೆ ಶೂ ಉದ್ದ ಸಾಲದು ಎಂದು ಮೊದಲು ಅನುಮಾನಿಸಬೇಕು. ಓಡುವಾಗ ಪಾದ ಊದಿಕೊಳ್ಳುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ಜಾರಿ ಗುದ್ದುತ್ತದೆ. ನಿಂತಾಗ ಅತಿ ಉದ್ದದ ಕಾಲ್ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಅತಿ ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ, ನನಗೆ ಎರಡನೆಯದು. ಶೂ ಕೊಳ್ಳಲು ಸಂಜೆ ಹೋಗುವುದು ಒಳ್ಳೆಯದು, ಆ ಹೊತ್ತಿಗೆ ಪಾದ ಸ್ವಲ್ಪ ಹಿಗ್ಗಿರುತ್ತದೆ. ಓಟಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ನೋಡಬೇಕು. ಎರಡೂ ಕಾಲು ಒಂದೇ ಅಳತೆ ಇರುವವರು ಕಡಿಮೆ, ದೊಡ್ಡ ಕಾಲಿಗೆ ಸರಿಯಾದದ್ದನ್ನೇ ತೆಗೆದುಕೊಳ್ಳಬೇಕು. ಉಗುರು ಉದ್ದ ಬಿಡಬಾರದು, ನೇರವಾಗಿ ಕತ್ತರಿಸಬೇಕು.

ಕಿರುಬೆರಳು ಮಾತ್ರ ನನ್ನನ್ನು ಬಹಳ ಕಾಡಿತು. ಉದ್ದ ಸರಿಯಾಗಿದ್ದರೂ ಅಗಲ ಸಾಲದಿದ್ದರೆ ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ನುಗ್ಗಿ ಮಡಿಚಿಕೊಳ್ಳುತ್ತದೆ. ಇದನ್ನು ತಿಳಿಯಲು ಒಂದು ಸುಲಭ ಉಪಾಯ ಇದೆ. ಶೂ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತು ನೋಡಿ. ಬೆರಳು ಅಂಚು ದಾಟಿ ಹೊರಗೆ ಚಾಚಿದರೆ ಆ ಶೂ ನಿಮಗೆ ಇಕ್ಕಟ್ಟು. ಇದಕ್ಕೆ ಉದ್ದದಲ್ಲಿ ದೊಡ್ಡ ಸೈಜ್ ತೆಗೆದುಕೊಂಡರೆ ಹಿಮ್ಮಡಿ ಮತ್ತೆ ಆಡಲು ಶುರುವಾಗುತ್ತದೆ. ಅಗಲವಾದ ಮುಂಭಾಗ ಇರುವ ಶೂ ಬೇಕು. ಜೊತೆಗೆ, ಕೈಗವಸಿನ ಹಾಗೆ ಒಂದೊಂದು ಬೆರಳಿಗೂ ಬೇರೆ ಚೀಲ ಇರುವ ಸಾಕ್ಸ್ ಬರುತ್ತದೆ. ನೋಡಲು ವಿಚಿತ್ರ, ಹಾಕಿಕೊಳ್ಳಲು ಹೊತ್ತು ಹಿಡಿಯುತ್ತದೆ, ಮನೆಯವರು ನಗುತ್ತಾರೆ. ಆದರೆ ಬೆರಳು ಬೆರಳಿಗೆ ಅಂಟುವುದು ತಪ್ಪುತ್ತದೆ. ಬೆರಳ ಸಂದಿಯ ಬೊಬ್ಬೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಪಾದದ ಒಳಬದಿಯ ಕಮಾನಿನಲ್ಲಿ ಎದ್ದರೆ ಇನ್‌ಸೋಲಿನ ಅಂಚು ಮುಟ್ಟಿ ನೋಡಿ. ಒಗೆದ ಮೇಲೆ ಅದು ಮುದುರಿಕೊಂಡಿರಬಹುದು, ಅಥವಾ ಜಾಗ ತಪ್ಪಿರಬಹುದು. ಮುಂಗಾಲಿನ ಅಡಿಯಲ್ಲಿ, ಅಂದರೆ ಬೆರಳುಗಳ ಬುಡದಲ್ಲಿ ಎದ್ದರೆ ಓಡುವ ರೀತಿಯನ್ನೂ ನೋಡಬೇಕು. ಹೆಜ್ಜೆ ತುಂಬಾ ಮುಂದಕ್ಕೆ ಇಟ್ಟರೆ ಕಾಲು ಪ್ರತಿ ಸಲ ಬ್ರೇಕ್ ಹಾಕುತ್ತದೆ, ಆ ಹೊಡೆತವೆಲ್ಲ ಚರ್ಮಕ್ಕೆ. ಹೆಜ್ಜೆ ಚಿಕ್ಕದು ಮಾಡಿ, ಸ್ವಲ್ಪ ಚುರುಕು ಮಾಡಿದ ಮೇಲೆ ನನಗೆ ಅಲ್ಲಿನ ಉರಿ ಕಡಿಮೆಯಾಯಿತು.

ಇನ್ನು ಬೆವರು. ಪೂರ್ತಿ ಒಣಗಿದ ಚರ್ಮ ಜಾರುತ್ತದೆ. ತೇವವಾದ ಚರ್ಮ ಅಂಟುತ್ತದೆ. ಹತ್ತಿಯ ಸಾಕ್ಸ್ ಓಟಕ್ಕೆ ಬೇಡ ಎನ್ನುವುದು ಇದಕ್ಕೇ. ಹತ್ತಿ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಒದ್ದೆಯಾಗಿ ಜೋತು ಬಿದ್ದು ಸುಕ್ಕು ಕಟ್ಟುತ್ತದೆ. ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್, ಇಲ್ಲವೇ ತೆಳು ಮೆರಿನೋ ಉಣ್ಣೆ ಇದ್ದರೆ ಒಳ್ಳೆಯದು. ಎರಡು ಪದರದ ಸಾಕ್ಸ್ ಕೂಡ ಇದೆ. ಅದರಲ್ಲಿ ಜಾರಾಟವೆಲ್ಲ ಪದರ ಪದರದ ನಡುವೆ ನಡೆದುಹೋಗುತ್ತದೆ, ಚರ್ಮಕ್ಕೆ ತಟ್ಟುವುದಿಲ್ಲ. ಸಾಕ್ಸ್ ಹಿಮ್ಮಡಿಯ ಬಳಿ ತೆಳುವಾಗಿದ್ದರೆ ಅದನ್ನು ಓಟದ ಪೆಟ್ಟಿಗೆಯಿಂದ ಹೊರಗೆ ಹಾಕಿ. ಒಳಗಿನ ಹೊಲಿಗೆ ಬೆರಳಿಗೆ ಒತ್ತುತ್ತಿದ್ದರೆ ತಿರುಗಿಸಿ ಹಾಕಿಕೊಳ್ಳಿ, ಯಾರೂ ನೋಡುವುದಿಲ್ಲ.

ಬೆವರನ್ನೇ ನಿಲ್ಲಿಸಿಬಿಟ್ಟರೆ ಹೇಗೆ ಎಂಬ ಯೋಚನೆ ಬೇರೆಯವರಿಗೂ ಬಂದಿತ್ತು. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಸೇನಾ ಅಕಾಡೆಮಿಯ ಕೆಡೆಟ್‌ಗಳ ಪಾದಕ್ಕೆ ಬೆವರು ತಡೆಯುವ ದ್ರಾವಣ ಹಚ್ಚಿ 21 ಕಿಲೋಮೀಟರ್ ನಡೆಸಿದರು. ಮೊದಲೇ ಕೆಲವು ರಾತ್ರಿ ತಪ್ಪದೆ ಹಚ್ಚಿಕೊಂಡವರಲ್ಲಿ 21% ಜನಕ್ಕೆ ಬೊಬ್ಬೆ ಎದ್ದಿತು, ಬರೀ ಹುಸಿ ಔಷಧ ಹಚ್ಚಿದವರಲ್ಲಿ 48%. ಕೇಳಲು ಚೆನ್ನಾಗಿದೆ. ಆದರೆ ಹಚ್ಚಿಕೊಂಡವರಲ್ಲಿ 57% ಜನಕ್ಕೆ ಚರ್ಮ ಕೆರೆದು ಉರಿಯಿತು. ಇದನ್ನು ಓದಿದ ಮೇಲೆ ನಾನು ಆ ದಾರಿಗೆ ಹೋಗಲಿಲ್ಲ.

ವ್ಯಾಸಲಿನ್ ನನಗೆ ಚಿಕ್ಕ ಓಟಗಳಿಗೆ ಸರಿಹೋಯಿತು. ಹಚ್ಚಿದ ಹೊಸದರಲ್ಲಿ ಚರ್ಮ ಚೆನ್ನಾಗಿ ಜಾರುತ್ತದೆ. ಹೊತ್ತು ಕಳೆದಂತೆ ಸಾಕ್ಸ್ ಅದನ್ನು ಹೀರಿಕೊಳ್ಳುತ್ತದೆ, ಮೆತ್ತಗಾದ ಚರ್ಮ ಮೊದಲಿಗಿಂತ ಜಾಸ್ತಿ ಅಂಟುತ್ತದೆ. ದೂರದ ಓಟಕ್ಕೆ ನಡುವೆ ಮತ್ತೆ ಹಚ್ಚಬೇಕು. ಪೌಡರ್ ನನಗೆ ಹಿಡಿಸಲಿಲ್ಲ, ಬೆವರಿಗೆ ಉಂಡೆಗಟ್ಟಿ ಬೆರಳ ಸಂದಿಯಲ್ಲಿ ಕೂರುತ್ತದೆ.

ಈಗ ನಾನು ನೆಚ್ಚಿಕೊಂಡಿರುವುದು ಔಷಧಿ ಅಂಗಡಿಯಲ್ಲಿ ಸಿಗುವ ಬಿಳಿ ಪೇಪರ್ ಟೇಪನ್ನು, ಗಾಯದ ಬ್ಯಾಂಡೇಜ್ ನಿಲ್ಲಿಸಲು ಬಳಸುವ ಅದೇ ಟೇಪು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಲವು ದಿನ ಸೇರಿ 250 ಕಿಲೋಮೀಟರ್ ಓಡುವ 128 ಓಟಗಾರರ ಪಾದಕ್ಕೆ ಇದನ್ನು ಅಂಟಿಸಿ ನೋಡಿದ್ದರು. ಟೇಪ್ ಇದ್ದ ಕಡೆ ಬೊಬ್ಬೆ ಸುಮಾರು 40% ಕಡಿಮೆ. ಇದರ ಅಂಟು ಬಲವಾಗಿಲ್ಲ, ಅದೇ ಇದರ ಒಳ್ಳೆಯ ಗುಣ. ಕೀಳುವಾಗ ಚರ್ಮ ಕಿತ್ತು ಬರುವುದಿಲ್ಲ. ಓಡುವ ಮೊದಲು, ಪಾದ ತೊಳೆದು ಪೂರ್ತಿ ಒಣಗಿಸಿ, ಒಂದೇ ಪದರ, ಸುಕ್ಕಿಲ್ಲದೆ ಅಂಟಿಸಬೇಕು. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿದರೆ ಸಾಕ್ಸ್ ಎಳೆಯುವಾಗ ಏಳುವುದಿಲ್ಲ. ಬೆರಳಿನ ಸುತ್ತ ಬಿಗಿಯಾಗಿ ಸುತ್ತಬಾರದು, ಊದಿದಾಗ ರಕ್ತ ಓಡಾಡಲು ಜಾಗ ಬೇಕು. ಸುಕ್ಕು ಬಿದ್ದ ಟೇಪ್‌ಗಿಂತ ಟೇಪ್ ಇಲ್ಲದಿರುವುದೇ ವಾಸಿ.

ಜಡ್ಡುಗಟ್ಟಿದ ಚರ್ಮ ಬೊಬ್ಬೆಗೆ ರಕ್ಷಣೆ ಎಂದು ಕೆಲವರು ಅದನ್ನು ಬೆಳೆಸುತ್ತಾರೆ. ಒಂದು ಮಟ್ಟದವರೆಗೆ ನಿಜ. ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋದರೆ ಚರ್ಮ ತಾನೇ ಗಟ್ಟಿಯಾಗುತ್ತದೆ. ಹೊಸಬರಿಗೆ ಬೊಬ್ಬೆ ಜಾಸ್ತಿ ಏಳುವುದಕ್ಕೆ ಇದೂ ಒಂದು ಕಾರಣ: ಉಸಿರು ಬೇಗ ಸುಧಾರಿಸುತ್ತದೆ, ಚರ್ಮ ಹಿಂದೆ ಉಳಿಯುತ್ತದೆ. ಆದರೆ ದಪ್ಪ ಜಡ್ಡಿನ ಕೆಳಗೆ ಬೊಬ್ಬೆ ಎದ್ದರೆ ಅದು ಆಳದಲ್ಲಿರುತ್ತದೆ, ನೀರು ತೆಗೆಯಲೂ ಆಗುವುದಿಲ್ಲ. ನಾನು ಸ್ನಾನದ ನಂತರ ಉಜ್ಜುಗಲ್ಲಿನಿಂದ ಲಘುವಾಗಿ ತಿಕ್ಕಿ ಸಮ ಮಾಡುತ್ತೇನೆ. ಬ್ಲೇಡ್ ಮುಟ್ಟುವುದಿಲ್ಲ.

ಓಡುವಾಗ ಒಂದು ಕಡೆ ಬಿಸಿಯಾದ ಹಾಗೆ, ಚುರುಗುಟ್ಟುವ ಹಾಗೆ ಅನಿಸಿದರೆ ಅಲ್ಲೇ ನಿಲ್ಲಿ. ಒಳಗೆ ಇನ್ನೂ ಹರಿದಿಲ್ಲ, ಹರಿಯಲು ಹೊರಟಿದೆ. ಶೂ ಬಿಚ್ಚಿ, ಮರಳಿದ್ದರೆ ಕೊಡವಿ, ಸಾಕ್ಸಿನ ಸುಕ್ಕು ಸರಿಮಾಡಿ, ಒರೆಸಿ ಟೇಪ್ ಅಂಟಿಸಿದರೆ ಎರಡು ನಿಮಿಷದ ಕೆಲಸ. ಇದಕ್ಕೆಂದೇ ಒಂದು ತುಂಡು ಟೇಪ್ ಜೇಬಿನಲ್ಲಿಟ್ಟಿರುತ್ತೇನೆ. ಜೊತೆಯವರು ಮುಂದೆ ಹೋಗುತ್ತಾರೆ, ಹೋಗಲಿ.

ಇಷ್ಟೆಲ್ಲ ಮಾಡಿದರೂ ಬೊಬ್ಬೆ ಎದ್ದರೆ? ಚಿಕ್ಕದಿದ್ದು ನೋವಿಲ್ಲದಿದ್ದರೆ ಮುಟ್ಟಬೇಡಿ, ಮೇಲಿನ ಚರ್ಮವೇ ಒಳ್ಳೆಯ ಬ್ಯಾಂಡೇಜ್. ದೊಡ್ಡದಾಗಿ ನಡೆಯಲೂ ಆಗದಿದ್ದರೆ ನಾನು ಸೋಪಿನಿಂದ ಕೈ, ಕಾಲು ತೊಳೆದು, ಸ್ಪಿರಿಟ್ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಡಿಸುತ್ತೇನೆ. ಮೇಲಿನ ಚರ್ಮ ಕೀಳುವುದಿಲ್ಲ. ವ್ಯಾಸಲಿನ್ ಹಚ್ಚಿ ಸ್ವಚ್ಛ ಬ್ಯಾಂಡೇಜ್ ಕಟ್ಟುತ್ತೇನೆ. ರಕ್ತ ತುಂಬಿದ ಬೊಬ್ಬೆಯನ್ನು ಚುಚ್ಚುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು, ಪಾದದ ಸ್ಪರ್ಶ ಕಡಿಮೆ ಇರುವವರು ಇದನ್ನೆಲ್ಲ ಮನೆಯಲ್ಲಿ ಮಾಡಲೇಬಾರದು, ನೇರ ಡಾಕ್ಟರ ಹತ್ತಿರ ಹೋಗಬೇಕು. ಕೀವು, ಸುತ್ತಲೂ ಹರಡುವ ಕೆಂಪು, ಬಿಸಿ, ಕಾಲಿನ ಮೇಲಕ್ಕೆ ಹೋಗುವ ಕೆಂಪು ಗೆರೆ, ಜ್ವರ ಕಂಡರೆ ಯಾರೇ ಆದರೂ ಕಾಯಬಾರದು. 1924ರಲ್ಲಿ ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಅವರ 16 ವರ್ಷದ ಮಗ ಸಾಕ್ಸ್ ಇಲ್ಲದೆ ಟೆನಿಸ್ ಆಡಿ ಕಾಲ್ಬೆರಳಿಗೆ ಬೊಬ್ಬೆ ಮಾಡಿಕೊಂಡ. ಸೋಂಕು ರಕ್ತಕ್ಕೆ ಸೇರಿ ಕೆಲವೇ ದಿನದಲ್ಲಿ ತೀರಿಕೊಂಡ. ಆಗ ಆ್ಯಂಟಿಬಯಾಟಿಕ್ ಇರಲಿಲ್ಲ, ಈಗ ಇದೆ. ಆದರೂ ತಡಮಾಡಿ ಹೋದರೆ ಅದರ ಕೆಲಸವೂ ಕಷ್ಟ.

ಮತ್ತೆ ಓಡುವುದು ಯಾವಾಗ ಎಂದರೆ, ಬರಿಗಾಲಲ್ಲಿ ಕುಂಟದೆ ನಡೆಯಲು ಬಂದ ಮೇಲೆ. ಬೊಬ್ಬೆ ತಪ್ಪಿಸಲು ಪಾದವನ್ನು ಓರೆ ಇಟ್ಟು ಓಡಿದರೆ ಮೀನಖಂಡ, ಮೊಣಕಾಲು ಹಿಡಿದುಕೊಳ್ಳುತ್ತದೆ. ಹಳೆಯ ಚರ್ಮ ಉದುರಿ ಹೊಸದು ಬಂದಾಗ ಅದು ಇನ್ನೂ ಎಳೆಯದಾಗಿರುತ್ತದೆ, ಮೊದಲ ಕೆಲವು ಓಟಗಳಿಗೆ ಅದರ ಮೇಲೆ ಟೇಪ್ ಇರಲಿ. ನನ್ನ ಬಲಗಾಲಿನ ಕಿರುಬೆರಳಿಗೆ ಈಗಲೂ ದೂರದ ಓಟವಿದ್ದ ದಿನ ಟೇಪ್ ಹಾಕಿಯೇ ಹೊರಡುತ್ತೇನೆ. ಉಳಿದ ಒಂಬತ್ತಕ್ಕೆ ಏನೂ ಬೇಕಾಗಿಲ್ಲ.