ಅಂಗವಿಕಲ ವೇತನ: ಆಸ್ಪತ್ರೆಯಿಂದ ಬ್ಯಾಂಕ್ ಖಾತೆವರೆಗೆ

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಕೈಗೆ ಬಂದರೆ ಅಂಗವಿಕಲ ವೇತನ, ಅಂದರೆ ತಿಂಗಳ ಪಿಂಚಣಿ, ತಾನಾಗಿ ಶುರುವಾಗುತ್ತದೆ ಎಂದು ಬಹಳ ಜನ ಕಾಯುತ್ತಾ ಕೂರುತ್ತಾರೆ. ಹಾಗೆ ಆಗುವುದಿಲ್ಲ. ಕಾರ್ಡ್‌ಗೆ ಅಂಗವೈಕಲ್ಯದ ಶೇಕಡಾವಾರು ನಿಗದಿ ಮಾಡುವುದು ಆಸ್ಪತ್ರೆ, ವೇತನ ಮಂಜೂರು ಮಾಡುವುದು ಕಂದಾಯ ಇಲಾಖೆ, ಹಣ ಬಂದು ಸೇರುವುದು ಆಧಾರ್ ಜೋಡಣೆಯಾದ ಖಾತೆಗೆ. ಈ ಮೂರೂ ಕಡೆ ಹೆಸರು, ಹುಟ್ಟಿದ ದಿನಾಂಕ ಒಂದೇ ರೀತಿ ಇರಬೇಕು. ಹಾಗಾಗಿ ಅರ್ಜಿಗೆ ಮೊದಲೇ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಕಾರ್ಡ್ ಬಂದ ಮೇಲೆ ಆಧಾರ್ ತಿದ್ದಿಸಿದರೆ ಕಾರ್ಡನ್ನೂ ಮತ್ತೆ ತಿದ್ದಿಸಬೇಕಾಗುತ್ತದೆ.

ಯುಡಿಐಡಿ ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಹಾಕಬೇಕು. ಆಧಾರ್, ವಿಳಾಸದ ದಾಖಲೆ, ಇತ್ತೀಚಿನ ಫೋಟೊ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಬೇಕು. ಮನೆಯಲ್ಲಿ ಆಗದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಇದು ಅವರದೇ ಕೆಲಸ. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯು (ನಗರ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಮಧ್ಯವರ್ತಿಗೆ ಸಾವಿರಗಟ್ಟಲೆ ಕೊಡುವ ಅಗತ್ಯವೇ ಇಲ್ಲ. ಫಾರಂನಲ್ಲಿ ಯೋಚಿಸಿ ತುಂಬಬೇಕಾದ ಜಾಗವೆಂದರೆ ಆಸ್ಪತ್ರೆಯ ಆಯ್ಕೆ. ಅರ್ಜಿ ಹೋಗುವುದು ಅಲ್ಲಿಗೇ. ನಿಮಗೆ ಬೇಕಾದ ತಜ್ಞರು (ಮೂಳೆ, ಕಣ್ಣು, ಕಿವಿ, ಮನೋವೈದ್ಯರು) ಅಲ್ಲಿದ್ದಾರೆಯೇ, ಯಾವ ವಾರ ತಪಾಸಣೆ ಮಾಡುತ್ತಾರೆ ಎಂದು ವಿಚಾರಿಸಿಕೊಂಡೇ ಆರಿಸಿ.

ತಪಾಸಣೆಗೆ ಅರ್ಜಿಯ ಪ್ರಿಂಟ್ ಜೊತೆಗೆ ಹಳೆಯ ವೈದ್ಯಕೀಯ ಕಾಗದಗಳನ್ನೆಲ್ಲ ಒಯ್ಯಿರಿ. ಕೈಕಾಲಿನ ತೊಂದರೆಗೆ ಎಕ್ಸ್‌ರೇ ಮತ್ತು ಡಿಸ್ಚಾರ್ಜ್ ಸಮ್ಮರಿ, ಕಿವಿಗೆ ಆಡಿಯೋಗ್ರಾಂ (ಎಷ್ಟು ಕೇಳಿಸುತ್ತದೆ ಎಂದು ಅಳೆದ ವರದಿ), ಆ ಪರೀಕ್ಷೆಗೆ ಸಹಕರಿಸದ ಚಿಕ್ಕ ಮಕ್ಕಳಿಗೆ ಬೇರಾ (ಶಬ್ದಕ್ಕೆ ಮಿದುಳಿನ ಸ್ಪಂದನೆ ಅಳೆಯುವ ಪರೀಕ್ಷೆ) ವರದಿ. ಶ್ರವಣ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಐದು ವರ್ಷದೊಳಗಿನ ಮಕ್ಕಳ ಬುದ್ಧಿ ಬೆಳವಣಿಗೆಯ ವಿಷಯದಲ್ಲಿ ಸಿಗುವುದು ತಾತ್ಕಾಲಿಕ ಪ್ರಮಾಣಪತ್ರ. ಐದು ತುಂಬಿದ ಮೇಲೆ ಮತ್ತೆ ತೋರಿಸಬೇಕು.

ಜಗಳ ಹುಟ್ಟುವುದು ಶೇಕಡಾವಾರಿನಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದ್ದರೂ ಸೌಲಭ್ಯಗಳ ಬಾಗಿಲು ಸಾಮಾನ್ಯವಾಗಿ ತೆರೆಯುವುದು ಶೇ 40ಕ್ಕೆ. ಎರಡು ತೊಂದರೆ ಇದ್ದರೆ ಅಂಕಿಗಳನ್ನು ನೇರವಾಗಿ ಕೂಡುವುದಿಲ್ಲ. ದೊಡ್ಡದನ್ನು 90ರಿಂದ ಕಳೆದು, ಬಂದಿದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡದಕ್ಕೆ ಸೇರಿಸುತ್ತಾರೆ. ಕಾಲಿಗೆ 40, ಕಣ್ಣಿಗೆ 30 ಇದ್ದರೆ 70 ಆಗುವುದಿಲ್ಲ, ಸುಮಾರು 57 ಆಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಡಾಕ್ಟರು ಅನ್ಯಾಯ ಮಾಡಿದರು ಎಂದು ಬೈದುಕೊಳ್ಳುವವರಿದ್ದಾರೆ. ನಿಜಕ್ಕೂ ಕಡಿಮೆ ಬರೆದಿದ್ದಾರೆ ಅನ್ನಿಸಿದರೆ ಕಾಯ್ದೆಯ 59ನೇ ಕಲಂ ಪ್ರಕಾರ ಮೇಲ್ಮನವಿ ಹಾಕಬಹುದು. ಹೊಸ ಹೆಸರಿನಲ್ಲಿ ಇನ್ನೊಂದು ಅರ್ಜಿ ಹಾಕುವ ಉಪಾಯ ಬೇಡ, ಆಧಾರ್ ಅದನ್ನು ಹಿಡಿದುಬಿಡುತ್ತದೆ.

ಕಾರ್ಡಿನ ಬಣ್ಣವೇ ಪ್ರಮಾಣ ಹೇಳುತ್ತದೆ: ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಪ್ಲಾಸ್ಟಿಕ್ ಕಾರ್ಡ್ ಅಂಚೆಯಲ್ಲಿ ಬರುವವರೆಗೆ ಕಾಯಬೇಡಿ. ಇ-ಕಾರ್ಡ್ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದುಕೊಂಡು ನಾಡಕಚೇರಿಗೆ ಹೊರಡಿ.

ನಾಡಕಚೇರಿಯಲ್ಲಿ ಕಾರ್ಡ್ ಜೊತೆ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಿರಬಾರದು. ಎಷ್ಟೋ ಅರ್ಜಿ ಬೀಳುವುದು ಇಲ್ಲೇ: ಮಗನ ಸ್ಕಾಲರ್‌ಶಿಪ್‌ಗೆಂದು ಹಿಂದೆ ಮಾಡಿಸಿದ ಆದಾಯ ಪತ್ರದಲ್ಲಿ ಲಕ್ಷದ ಮೇಲೆ ಬರೆದಿರುತ್ತದೆ, ಅದನ್ನೇ ಲಗತ್ತಿಸಿಬಿಡುತ್ತಾರೆ. ಪತ್ರದಲ್ಲಿರುವ ಮೊತ್ತ ಓದಿ ನೋಡಿ ಕೊಡಿ. ಆಮೇಲೆ ಗ್ರಾಮ ಆಡಳಿತ ಅಧಿಕಾರಿ ಸ್ಥಳ ಪರಿಶೀಲನೆ ಮಾಡಿ ವರದಿ ಕೊಡುತ್ತಾರೆ. ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿ, ಅದರಲ್ಲಿರುವ ಅರ್ಜಿ ಸಂಖ್ಯೆ ಇಲ್ಲದೆ ಯಾರೂ ಏನನ್ನೂ ಹುಡುಕಿ ಹೇಳಲಾರರು.

ಸಾಮಾನ್ಯವಾಗಿ ಶೇ 40ರಿಂದ 75ರೊಳಗಿದ್ದರೆ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400. ಒಬ್ಬರಿಗೆ ಒಂದೇ ಪಿಂಚಣಿ. ಆದ್ದರಿಂದ 65 ದಾಟಿ ಶೇ 50ರಷ್ಟು ಅಂಗವೈಕಲ್ಯ ಇರುವವರು ಹಿರಿಯ ನಾಗರಿಕರಿಗೆ ಕೊಡುವ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಹರೇ ಎಂದು ಮೊದಲು ಕೇಳುವುದು ಲೇಸು. ಈ ಮಾತನ್ನು ಕೌಂಟರಿನಲ್ಲಿ ಅವರಾಗಿ ಹೇಳುವುದು ಅಪರೂಪ.

ಮಂಜೂರಾತಿ ಆದೇಶ ಬಂದು ಹಣ ಬಾರದಿದ್ದರೆ ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?’ ಎಂದೇ ಕೇಳಿ. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಸರ್ಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂದು ರಾಷ್ಟ್ರೀಯ ಪಾವತಿ ನಿಗಮವಾದ ಎನ್‌ಪಿಸಿಐನಲ್ಲಿ ದಾಖಲಾಗಿರುವುದು) ಬೇರೆ. ಎರಡು ಮೂರು ಖಾತೆ ಇದ್ದರೆ ಹಣ ಮ್ಯಾಪ್ ಆಗಿರುವ ಖಾತೆಗೆ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಯಲ್ಲಿ ತಿಂಗಳುಗಟ್ಟಲೆ ವೇತನ ಬಿದ್ದಿರುವುದುಂಟು.

ಬರುತ್ತಿದ್ದ ವೇತನ ನಿಂತರೆ ಮೊದಲು ನೋಡಬೇಕಾದ್ದು ಪ್ರಮಾಣಪತ್ರದ ಅವಧಿ. ತಾತ್ಕಾಲಿಕ ಆಗಿದ್ದರೆ ಮುಗಿಯುವ ದಿನಾಂಕಕ್ಕೆ ಎರಡು ಮೂರು ತಿಂಗಳ ಮುಂಚೆಯೇ ನವೀಕರಣಕ್ಕೆ ಹಾಕಿ. ಬೇರೆ ತಾಲ್ಲೂಕಿಗೆ ಮನೆ ಬದಲಿಸಿದ್ದರೆ ಹಳೆಯ ತಾಲ್ಲೂಕಿನಿಂದ ವರ್ಗಾವಣೆಗೆ ಅರ್ಜಿ ಕೊಡಬೇಕು. ಪರಿಶೀಲನೆಗೆ ಬಂದವರಿಗೆ ನೀವು ಸಿಗದಿದ್ದರೆ ಫಲಾನುಭವಿ ವಾಸವಿಲ್ಲ ಎಂದು ವರದಿ ಹೋಗಿಬಿಡುತ್ತದೆ.