ಕ್ಷಮೆ ಮೇಲೆ ಒಂದು ಚಿಕ್ಕ ಗೇಮ್ ಮಾಡೋದು ಹೇಗೆ, ಪಾಯಿಂಟ್ಸ್ ಕೊಡದೇ

ಬೈಬಲ್‌ನಲ್ಲಿರೋ ಒಂದು ಗುಣದ ಮೇಲೆ ಗೇಮ್ ಮಾಡ್ಬೇಕು ಅಂದ್ರೆ ಎಲ್ರಿಗೂ ಮೊದಲು ಹೊಳೆಯೋದು ಒಂದು ಮೀಟರ್, ಒಳ್ಳೇದು ಮಾಡಿದ್ರೆ ಪ್ಲಸ್ 10, ಕೆಟ್ಟದ್ದಕ್ಕೆ ಮೈನಸ್ 10. ಹಾಕ್ಲೇಬೇಡಿ. ಮೀಟರ್ ಕಂಡ ತಕ್ಷಣ ಆಡೋರು ಲೆಕ್ಕಕ್ಕೆ ಕೂರ್ತಾರೆ, ಕ್ಷಮಿಸಿದ್ರೆ 10 ಪಾಯಿಂಟ್ ಅಂದ್ಮೇಲೆ ಅದು ವ್ಯಾಪಾರ ಆಯ್ತು. 1985ರ ಅಲ್ಟಿಮಾ 4 ಎಂಟು ಗುಣಗಳ ಮೇಲೇ ನಿಂತಿರೋ ಗೇಮು, ಅದ್ರಲ್ಲೂ ಲೆಕ್ಕ ಇತ್ತು ಆದ್ರೆ ಒಳಗೆ ಬಚ್ಚಿಟ್ಟಿದ್ರು. ಕಣ್ಣು ಕಾಣದ ಅಂಗಡಿಯವರಿಗೆ ಕಮ್ಮಿ ದುಡ್ಡು ಕೊಟ್ರೆ ಅಲ್ಲಿ ಯಾರೂ ಹಿಡಿಯಲ್ಲ, ನಿಮ್ಮ ಪ್ರಾಮಾಣಿಕತೆ ಮಾತ್ರ ಸದ್ದಿಲ್ಲದೆ ಇಳಿದಿರುತ್ತೆ.

ಗುಣ ಒಂದೇ ಇಟ್ಕೊಳಿ. ನಾನಾದ್ರೆ ಕ್ಷಮೆ ಆರಿಸ್ತೀನಿ, ಯಾಕಂದ್ರೆ ಬೈಬಲ್‌ನ ಮತ್ತಾಯ 18ನೇ ಅಧ್ಯಾಯದಲ್ಲಿ ಬರೋ ಸಾಲಗಾರ ಸೇವಕನ ಸಾಮ್ಯ, ಅಂದ್ರೆ ಯೇಸು ಹೇಳಿದ ನೀತಿಕಥೆ, ಹೆಚ್ಚುಕಮ್ಮಿ ರೆಡಿ ಡಿಸೈನು. ರಾಜ ಅವನ 10,000 ತಲಾಂತು ಸಾಲ ಮನ್ನಾ ಮಾಡ್ತಾನೆ, ಅವನು ಹೊರಗೆ ಬಂದು ತನಗೆ ಬರೀ 100 ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡೀತಾನೆ. ಒಂದು ದಿನಾರಿ ಅಂದ್ರೆ ಕೂಲಿಯವನ ಒಂದು ದಿನದ ಸಂಬಳ, ತಲಾಂತಿಗೆ ಸುಮಾರು 6,000 ದಿನಾರಿ ಅಂತ ಹಿಡಿದ್ರೆ ಒಂದು ಕಡೆ 6 ಕೋಟಿ, ಇನ್ನೊಂದು ಕಡೆ 100. ಈ ಎರಡು ನಂಬರ್ ಸ್ಕ್ರೀನ್ ಮೇಲೆ ಬಂದ್ರೆ ಸಾಕು, ಬೈಬಲ್ ವಚನದ ಪಾಪ್‌ಅಪ್ ಬೇಡ.

ಆಡೋರೇ ಆ ಸೇವಕ. ಮನ್ನಾ ಆದ್ಮೇಲೆ ಮನೆಖರ್ಚು ದಿನಾ ಏರ್ತಿರಬೇಕು, ಸೇವಕನಿಗೆ ಸಾಲ ತೀರಿಸಬೇಕಾದೋರು ಒಬ್ಬೊಬ್ರಾಗಿ ಸಿಗಬೇಕು, ಜೈಲಿಗೆ ಹಾಕಿಸೋ ಬಟನ್ ಇರಬೇಕು ಮತ್ತೆ ಅದು ನಿಜವಾಗ್ಲೂ ಕೆಲಸ ಮಾಡಿ ದುಡ್ಡು ತರಬೇಕು, ಇಲ್ಲಾಂದ್ರೆ ಆಸೆ ಎಲ್ಲಿಂದ ಹುಟ್ಟುತ್ತೆ. ಕ್ಷಮಿಸಿ ಬಿಟ್ಟ ದುಡ್ಡು ಹೋದಂಗೇ. ಕೊನೇಲಿ ಸರ್‌ಪ್ರೈಸ್ ಗಿಫ್ಟ್ ಅಂತ ವಾಪಸ್ ಕೊಟ್ರೆ ಇಡೀ ಗೇಮ್ ಸುಳ್ಳಾಗುತ್ತೆ.

ಇನ್ನು ಅದೇ ಅಧ್ಯಾಯದಲ್ಲಿ ಶಿಷ್ಯ ಪೇತ್ರನ ಪ್ರಶ್ನೆ ಇದೆಯಲ್ಲ, ಏಳು ಸಲ ಕ್ಷಮಿಸಿದ್ರೆ ಸಾಕಾ ಅಂತ, ಅದಕ್ಕೆ ಯೇಸು ಏಳೆಪ್ಪತ್ತು ಸಲ ಅಂದಿದ್ದು, ಅಂದ್ರೆ ಲೆಕ್ಕವೇ ಇಡಬೇಡ ಅಂತ. ಅದಕ್ಕೇ ಒಬ್ಬ ಆಸಾಮಿ ಮತ್ತೆ ಮತ್ತೆ ಬಂದು ಅದೇ ಮೋಸ ಮಾಡಲಿ. ಎಷ್ಟು ಸಲ ಕ್ಷಮಿಸಿದ್ರಿ ಅನ್ನೋದನ್ನ ಕೋಡ್‌ನಲ್ಲೂ ಇಡಬೇಡಿ, ಆ ವೇರಿಯಬಲ್ಲೇ ಬೇಡ, 1 ಕೊರಿಂಥ 13:5 ಹೇಳೋದೂ ಅದೇ, ಪ್ರೀತಿ ಅಪಕಾರದ ಲೆಕ್ಕ ಇಡಲ್ಲ ಅಂತ.

ಜೈಲಿಗೆ ಹಾಕಿಸಿದೋರಿಗೆ ಗೇಮ್ ಓವರ್ ತೋರಿಸ್ಬೇಡಿ, ಕಥೆಯಲ್ಲಿ ಆದಂಗೆ ರಾಜ ಮನ್ನಾ ವಾಪಸ್ ತಗೊಂಡು ಸಾಲದ ಪುಸ್ತಕ ಮತ್ತೆ ತೆಗೀಲಿ, ಆ 6 ಕೋಟಿ ಮತ್ತೆ ಮೇಲೆ ಬರಲಿ, ನೂರು ನೂರಾಗಿ ತೀರಿಸ್ತಾ ಕೂರಲಿ. ಎರಡನೇ ಸಲ ಆಡೋರು ಇದಕ್ಕೆ ಹೆದರಿನೇ ಕ್ಷಮಿಸ್ತಾರೆ, ಹೌದು, ಅದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ.

ಟೂಲ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಬರೀ ಟೆಕ್ಸ್ಟ್ ಆದ್ರೆ ಟ್ವೈನ್ ಸಾಕು, ಫ್ರೀ, ಬ್ರೌಸರ್‌ನಲ್ಲೇ ಓಡುತ್ತೆ. ಚಿತ್ರ, ಓಡಾಟ ಬೇಕಂದ್ರೆ ಗೋಡೋ, ಆದ್ರೆ 4ನೇ ವರ್ಷನ್ ತಗೊಳಿ, 3ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರಲ್ಲ. ಹತ್ತು ನಿಮಿಷಕ್ಕೆ ಮುಗಿಯೋ ಹಂಗಿರಲಿ.

ಆಮೇಲೆ ಚರ್ಚಿಗೆ ಹೋಗೋರು ಒಬ್ರು, ಹೋಗದೇ ಇರೋರು ಒಬ್ರು, ಇಬ್ರಿಗೂ ಆಡೋಕೆ ಕೊಟ್ಟು ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂತ್ಕೊಳಿ. ಮೌಸ್ ಎಲ್ಲಿ ನಿಲ್ಲುತ್ತೆ ನೋಡಿ. ಒಂದು ಸಲವೂ ನಿಲ್ಲದೇ ಕ್ಷಮಿಸ್ತಾ ಹೋದ್ರೆ ಮನೆಖರ್ಚು ಜಾಸ್ತಿ ಮಾಡಿ.